ಬಾಯಿಮಾತು ಸಾಲದು, ಬರೆದು ಕೊಡಿ: ಆಟಿಸಂ ಇರುವ ಕಾಲೇಜು ವಿದ್ಯಾರ್ಥಿಗಳಿಗೆ ಕೊಡಗಿನಿಂದ ಒಂದು ಮಾರ್ಗದರ್ಶಿ

ನನ್ನ ತಮ್ಮ ಬಿ.ಕಾಂ. ಮೊದಲ ವರ್ಷದಲ್ಲಿದ್ದಾಗ ಅವನಿಗೆ ಒಂದು ಇಂಟರ್ನಲ್ ಟೆಸ್ಟ್ ತಪ್ಪಿಹೋಯಿತು. ಮೇಷ್ಟ್ರು ವರಾಂಡದಲ್ಲಿ ಹೋಗುತ್ತಾ, "ಟೆಸ್ಟು ಸೋಮವಾರ ಇಟ್ಕೊಳ್ಳೋಣ್ವಾ? ನೋಡೋಣ" ಅಂದಿದ್ದರಂತೆ. ತರಗತಿಯ ಉಳಿದವರಿಗೆಲ್ಲ ಸೋಮವಾರ ಟೆಸ್ಟು ಅಂತಲೇ ಅರ್ಥವಾಗಿತ್ತು. ಇವನ ಲೆಕ್ಕದಲ್ಲಿ "ನೋಡೋಣ" ಅಂದರೆ ಇನ್ನೂ ತೀರ್ಮಾನವಾಗಿಲ್ಲ. ಟೆಸ್ಟು ನಡೆಯುತ್ತಿದ್ದ ಹೊತ್ತಿಗೆ ಅವನು ಲೈಬ್ರರಿಯ ಮೂಲೆಯಲ್ಲಿ ಕೂತು ಅದೇ ಅಧ್ಯಾಯದ ಲೆಕ್ಕ ಬಿಡಿಸುತ್ತಿದ್ದ. ಉತ್ತರಗಳೂ ಸರಿಯಾಗಿದ್ದವು.

ಅವನಿಗೆ ಆಟಿಸಂ ಇದೆ, ಅಂದರೆ ಮಾತಿನ ಇಂಗಿತ, ಶಬ್ದ, ಜನಜಂಗುಳಿ ಇವನ್ನು ಅವನ ಮೆದುಳು ಬೇರೆ ರೀತಿಯಲ್ಲಿ ಗ್ರಹಿಸುತ್ತದೆ. ನಾನು ದಕ್ಷಿಣ ಕೊಡಗಿನ ಒಂದು ಪದವಿ ಕಾಲೇಜಿನಲ್ಲಿ ಗ್ರಂಥಪಾಲಕಿ. ತರಗತಿಯ ಗದ್ದಲ ತಾಳಲಾರದೆ ಲೈಬ್ರರಿಗೆ ಬಂದು ಕೂರುವ ಹುಡುಗ ಹುಡುಗಿಯರನ್ನು ವರ್ಷ ವರ್ಷವೂ ನೋಡುತ್ತೇನೆ. ಮನೆಯಲ್ಲೂ ಇಲ್ಲೂ ನೋಡಿ ನಾನು ತಿಳಿದುಕೊಂಡದ್ದು ಇಷ್ಟು: ಕಾಲೇಜು ಅರ್ಧ ನಡೆಯುವುದು ಬಾಯಿಮಾತಿನಲ್ಲಿ, ಇನ್ನರ್ಧ ಯಾರೂ ಬಾಯಿಬಿಟ್ಟು ಹೇಳದ ಮಾತಿನಲ್ಲಿ. ಆಫೀಸೂ ಹಾಗೆಯೇ. ಆಟಿಸಂ ಇರುವವರು ಎಡವುವುದು ಹೆಚ್ಚಾಗಿ ಆ ಹೇಳದ ಮಾತಿನಲ್ಲಿ. ಅದನ್ನು ಕಣ್ಣಿಗೆ ಕಾಣುವ ಹಾಗೆ ಮಾಡುವ ಯಾವುದೇ ವಸ್ತುವನ್ನು ನಾನು ಸಹಾಯಕ ತಂತ್ರಜ್ಞಾನ ಅನ್ನುತ್ತೇನೆ. ಕೆಲವೊಮ್ಮೆ ಅದು ಆ್ಯಪ್. ಬಹಳ ಸಲ ಒಂದು ಹಾಳೆ, ಒಂದು ಪೆನ್ನು.

ಇದನ್ನು ವಿದ್ಯಾರ್ಥಿಗೆಂದೇ ಬರೆದಿದ್ದೇನೆ. ಅಪ್ಪ ಅಮ್ಮ, ಅಣ್ಣ ಅಕ್ಕ, ಪಾಠ ಮಾಡುವವರು ಪಕ್ಕದಲ್ಲಿ ಕೂತು ಓದಬಹುದು.

ಮೊದಲು ಎರಡು ವಾರ ಬರೆದಿಡಿ

ಏನನ್ನೂ ಕೊಳ್ಳಬೇಡಿ, ಡೌನ್‌ಲೋಡ್ ಮಾಡಲೂ ಹೋಗಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆದುಕೊಂಡು, ದಿನ ಎಲ್ಲಿ ಸಿಕ್ಕಿಹಾಕಿಕೊಂಡಿತು, ಅದಕ್ಕೆ ಸ್ವಲ್ಪ ಮುಂಚೆ ಏನಾಗಿತ್ತು, ಆಮೇಲೆ ಯಾವುದರಿಂದ ಹಗುರವಾಯಿತು ಎಂದು ಬರೆಯಿರಿ. "ಮೂರನೇ ಪೀರಿಯಡ್ಡಿನಲ್ಲಿ ತಲೆ ಓಡಲಿಲ್ಲ" ಎಂದಷ್ಟೇ ಬರೆದರೆ ಸಾಲದು. ಶೀಟಿನ ಮಾಡಿನ ಮೇಲೆ ಮಳೆ ಬೀಳುತ್ತಿತ್ತೇ, ಪಕ್ಕದವರು ಪೆನ್ನು ಟಕಟಕ ಅನ್ನಿಸುತ್ತಿದ್ದರೇ, ಬೆಳಿಗ್ಗೆ ತಿಂಡಿ ತಿಂದಿರಲಿಲ್ಲವೇ, ಅದನ್ನೂ ಬರೆಯಿರಿ.

ತಮ್ಮನ ಎರಡು ವಾರದ ಹಾಳೆ ನೋಡಿದಾಗ ನಮಗೆ ಆಶ್ಚರ್ಯವಾಯಿತು. ಅವನಿಗೆ ಕಷ್ಟ ಪಾಠದಲ್ಲಿರುತ್ತದೆ ಎಂದು ನಾವು ಅಂದುಕೊಂಡಿದ್ದೆವು. ಹದಿನಾಲ್ಕು ದಿನಗಳಲ್ಲಿ ಒಂಬತ್ತು ದಿನ ಅವನು ಸುಸ್ತಾಗಿದ್ದು ಗೋಣಿಕೊಪ್ಪದ ಬಸ್ ನಿಲ್ದಾಣದಲ್ಲಿ. ಹಾರ್ನ್, ಊರೂರಿನ ಹೆಸರು ಕೂಗುವ ಕಂಡಕ್ಟರ್‌ಗಳು, ನೂಕುನುಗ್ಗಲು. ಕಾಲೇಜು ತಲುಪುವಷ್ಟರಲ್ಲಿ ಅವನ ದಿನದ ಶಕ್ತಿಯೆಲ್ಲ ಮುಗಿದಿರುತ್ತಿತ್ತು. ಆಮೇಲೆ ನಾವು ಮಾಡಿದ್ದು ಎರಡೇ ಕೆಲಸ. ಅರ್ಧ ಗಂಟೆ ಮೊದಲಿನ ಬಸ್ಸು, ಕಿವಿಗೆ ಒಂದು ಜೊತೆ ಇಯರ್ ಪ್ಲಗ್.

ಎರಡು ವಾರ ಕಳೆದ ಮೇಲೆ ಹಾಳೆಯಲ್ಲಿ ಹೆಚ್ಚು ಸಲ ಬಂದ ಒಂದೇ ಒಂದು ತೊಂದರೆಯನ್ನು ಆರಿಸಿಕೊಳ್ಳಿ. ಅದಕ್ಕೆ ಮದ್ದು ಸಿಕ್ಕಿದ ಮೇಲೆ ಇನ್ನೊಂದು. ಐದು ಆ್ಯಪ್ ಒಟ್ಟಿಗೆ ಹಾಕಿಕೊಂಡವರು ಹದಿನೈದು ದಿನದಲ್ಲಿ ಐದನ್ನೂ ಬಿಟ್ಟದ್ದನ್ನು ನಾನು ಕಂಡಿದ್ದೇನೆ.

ಕಾಗದಪತ್ರ

ಬೇಸರದ ಕೆಲಸ, ಆದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ವೈಕಲ್ಯ ಶೇ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5 ಸೀಟು ಮೀಸಲು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ. ಸರ್ಕಾರಿ ಕೆಲಸದ ಮೀಸಲಾತಿಗೂ ಇದೇ ಪ್ರಮಾಣಪತ್ರ ಬೇಕು.

ಅರ್ಜಿ ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹಾಕಬೇಕು. ಆಮೇಲೆ ಆಸ್ಪತ್ರೆಯಲ್ಲಿ ತಪಾಸಣೆ, ಅದಾದ ಮೇಲೆ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಶೇ 40ಕ್ಕಿಂತ ಕಡಿಮೆಯಾದರೆ ಬಿಳಿ, 40ರಿಂದ 79ರವರೆಗೆ ಹಳದಿ, 80 ಮತ್ತು ಮೇಲೆ ನೀಲಿ ಕಾರ್ಡ್. ನಮ್ಮ ಜಿಲ್ಲೆಯವರಿಗೆ ಮಡಿಕೇರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಹತ್ತಿರ. ಮಾತು, ಸಂವಹನ, ಮನೋವೈಜ್ಞಾನಿಕ ತಪಾಸಣೆ ವಿವರವಾಗಿ ಬೇಕೆಂದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋಗುವುದು ಒಳ್ಳೆಯದು. 1965ರಲ್ಲಿ ಶುರುವಾದ ಸಂಸ್ಥೆ ಅದು, ಕೊಡಗಿನ ಎಷ್ಟೋ ಮನೆಗಳಿಗೆ ಪರಿಚಿತ. ದೊಡ್ಡವರಾದ ಮೇಲೆ ಮೊದಲ ಸಲ ಗೊತ್ತಾದವರು, ಜೊತೆಗೆ ಆತಂಕ ಖಿನ್ನತೆ ಇರುವವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು.

ತಪಾಸಣೆಗೆ ಹೋಗುವಾಗ ಒಂದು ಎಚ್ಚರ ಬೇಕು. ಆಟಿಸಂ ಎಷ್ಟಿದೆ ಎಂದು ಅಳೆಯಲು ನಮ್ಮ ದೇಶದಲ್ಲಿ ಬಳಸುವ ಐಸಾ ಎಂಬ ಅಳತೆಪಟ್ಟಿಯಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 5 ಅಂಕ. ಕಾಲೇಜು ತಲುಪಿದ ಹುಡುಗ ಹುಡುಗಿಯರು, ಅದರಲ್ಲೂ ಹುಡುಗಿಯರು, ಹೊರಗಡೆ ಎಲ್ಲರಂತೆ ಇರುವುದನ್ನು ಕಷ್ಟಪಟ್ಟು ಕಲಿತಿರುತ್ತಾರೆ. ಅರ್ಧ ಗಂಟೆಯ ಭೇಟಿಯಲ್ಲಿ ನಗುತ್ತಾ ಉತ್ತರ ಕೊಟ್ಟು, ಮನೆಗೆ ಬಂದು ಎರಡು ದಿನ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಆ ಎರಡು ದಿನ ವೈದ್ಯರಿಗೆ ಕಾಣಿಸುವುದಿಲ್ಲ. ಆದ್ದರಿಂದ ಎರಡು ವಾರದ ಹಾಳೆ, ಸಾಧ್ಯವಾದರೆ ಪ್ರಾಥಮಿಕ ಶಾಲೆಯ ಪ್ರಗತಿಪತ್ರಗಳು, ಚಿಕ್ಕಂದಿನ ಸಂಗತಿ ನೆನಪಿರುವ ಅಮ್ಮನೋ ಅಜ್ಜಿಯೋ, ಇಷ್ಟೂ ನಿಮ್ಮ ಜೊತೆಗಿರಲಿ.

ಕಾರ್ಡ್ ಬಂದ ಮೇಲೆ ಮಾಡಿಕೊಳ್ಳಬೇಕಾದ ಮೂರು ಕೆಲಸಗಳು ಚಿಕ್ಕವು. ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ವಿಕಲಚೇತನರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ, ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಿರಬಾರದು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಕೆಎಸ್‌ಆರ್‌ಟಿಸಿಯ ರಿಯಾಯಿತಿ ಪಾಸ್, ವಾಸಸ್ಥಳದಿಂದ 100 ಕಿ.ಮೀ. ವ್ಯಾಪ್ತಿಗೆ. ಅರ್ಜಿ ತುಂಬಲು ಗೊಂದಲವಾದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಇದು ಅವರ ಕೆಲಸವೇ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಟಿಸಂ ವಾಸಿ ಮಾಡುತ್ತೇವೆ ಎಂದು ಸ್ಟೆಮ್ ಸೆಲ್ ಚಿಕಿತ್ಸೆಗೆ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಆಟಿಸಂಗೆ ಆ ಚಿಕಿತ್ಸೆ ಶಿಫಾರಸು ಮಾಡುವಂಥದ್ದಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಹೇಳಿದೆ. ಕಾಳುಮೆಣಸು ಮಾರಿದ ದುಡ್ಡು ಹಾಗೆ ಹೋಗುವುದು ಬೇಡ.

ಪ್ರಾಂಶುಪಾಲರಿಗೆ ಒಂದು ಪುಟ

ಕಾಯ್ದೆಯಲ್ಲಿ ಯುಕ್ತ ಹೊಂದಾಣಿಕೆ ಎಂಬ ಮಾತಿದೆ. ಅತಿಯಾದ ಹೊರೆಯಾಗದ ಹಾಗೆ ಮಾಡಿಕೊಡಬಹುದಾದ ಬದಲಾವಣೆಯನ್ನು ಮಾಡಿಕೊಡದಿದ್ದರೆ ಅದೂ ತಾರತಮ್ಯವೇ ಎಂದು ಕಾಯ್ದೆ ಹೇಳುತ್ತದೆ. ಆದರೆ ಜಗಳದಿಂದ ಆರಂಭಿಸುವುದು ಬೇಡ. ಕೊಡಗು ಚಿಕ್ಕ ಊರು, ಪ್ರಾಂಶುಪಾಲರು ನಿಮ್ಮ ಸೋದರಮಾವನ ಸಹಪಾಠಿ ಆಗಿರುವ ಸಾಧ್ಯತೆಯೇ ಹೆಚ್ಚು. ಅದರಿಂದ ಒಂದು ತೊಡಕೂ ಇದೆ. ಪರಿಚಯದವರು "ಆಯ್ತು ಮಗ, ಮಾಡೋಣ ಬಿಡು" ಎಂದು ಬೆನ್ನು ತಟ್ಟಿ ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಪರಿಚಯ ಎಷ್ಟೇ ಇರಲಿ, ಬರೆದೇ ಕೊಡಿ. ಎರಡು ಪ್ರತಿ ಮಾಡಿಕೊಂಡು, ಒಂದಕ್ಕೆ ಆಫೀಸಿನ ಸೀಲು ಹಾಕಿಸಿ ಇಟ್ಟುಕೊಳ್ಳಿ. ವಿಕಲಚೇತನ ಮುಂತಾದ ವಿದ್ಯಾರ್ಥಿಗಳ ಅಹವಾಲು ನೋಡುವ ಸಮಾನ ಅವಕಾಶ ಕೋಶದ ಹೊಣೆ ಯಾರದು ಎಂದು ಅಲ್ಲೇ ಕೇಳಿ, ಅವರಿಗೂ ಒಂದು ಪ್ರತಿ ತಲುಪಿಸಿ.

ಬರೆಯುವುದು ಹೀಗೆ:

"ಮಾನ್ಯ ಪ್ರಾಂಶುಪಾಲರಿಗೆ, ನಾನು ಮೊದಲ ವರ್ಷದ ಬಿ.ಕಾಂ. ವಿದ್ಯಾರ್ಥಿ. ನನಗೆ ಆಟಿಸಂ ಇದೆ, ಯುಡಿಐಡಿ ಕಾರ್ಡಿನ ಪ್ರತಿ ಲಗತ್ತಿಸಿದ್ದೇನೆ. ಬಾಯಲ್ಲಿ ಹೇಳಿದ ಸೂಚನೆ ನನಗೆ ಕೆಲವೊಮ್ಮೆ ತಪ್ಪಾಗಿ ಅರ್ಥವಾಗುತ್ತದೆ. ಟೆಸ್ಟ್, ಅಸೈನ್‌ಮೆಂಟ್ ಮತ್ತು ಕೊಠಡಿ ಬದಲಾವಣೆಯ ವಿಷಯವನ್ನು ದಿನಾಂಕ, ಸಮಯ ಸಮೇತ ವಾಟ್ಸ್ಆ್ಯಪ್‌ನಲ್ಲೋ ನೋಟಿಸ್ ಬೋರ್ಡಿನಲ್ಲೋ ಬರೆದು ತಿಳಿಸಬೇಕೆಂದು ಕೋರುತ್ತೇನೆ. ತರಗತಿಯಲ್ಲಿ ಮುಂದಿನ ಸಾಲಿನ ಗೋಡೆ ಬದಿಯ ಒಂದೇ ಜಾಗದಲ್ಲಿ ಕೂರಲು ಅನುಮತಿ ಕೊಡಬೇಕು. ಗದ್ದಲ ತಾಳಲಾಗದಾಗ ಕೇಳದೆ ಎದ್ದು ಹತ್ತು ನಿಮಿಷ ಲೈಬ್ರರಿಗೆ ಹೋಗಿ ಬರಲು ಅವಕಾಶವಿರಬೇಕು."

ಇಷ್ಟೇ. ಮೂರಕ್ಕಿಂತ ಹೆಚ್ಚು ಕೇಳಬೇಡಿ. ಆಟಿಸಂ ಅಂದರೇನು ಎಂದು ಎರಡು ಪುಟ ವಿವರಿಸುವುದೂ ಬೇಡ. ಮೇಷ್ಟ್ರುಗಳಿಗೆ ಬೇಕಾದದ್ದು ತಾವು ಏನು ಮಾಡಬೇಕು ಎಂಬುದು. ನಮ್ಮ ಕಾಲೇಜಿನಲ್ಲಿ ಟೆಸ್ಟಿನ ದಿನಾಂಕವನ್ನು ಗುಂಪಿಗೆ ಬರೆದು ಹಾಕಲು ಶುರುಮಾಡಿದ್ದು ಇಂಥದೊಂದು ಪತ್ರದಿಂದ. ಈಗ ಮಾಕುಟ್ಟ, ಶ್ರೀಮಂಗಲ ಕಡೆಯಿಂದ ಬಸ್ಸಿಗೆ ತಡವಾಗಿ ಬರುವ ಮಕ್ಕಳಿಗೂ ಅದರಿಂದ ಅನುಕೂಲ.

ಸಾಧನಗಳು: ಕರೆಂಟ್ ಹೋದ ದಿನವೂ ನಡೆಯಬೇಕು

ಪೇಟೆಯವರು ಬರೆದ ಸಲಹೆಗಳಲ್ಲಿ ಒಂದು ಸಂಗತಿ ಇರುವುದಿಲ್ಲ. ಮಳೆ ಜೋರಾಗಿರುವ ಕಕ್ಕಡ (ಆಟಿ) ತಿಂಗಳಲ್ಲಿ ನಮ್ಮಲ್ಲಿ ಮರ ಬಿದ್ದು ಮೂರು ಮೂರು ದಿನ ಕರೆಂಟ್ ಇರುವುದಿಲ್ಲ, ಟವರೂ ಸತ್ತಿರುತ್ತದೆ. ಬೇಸಿಗೆಯಲ್ಲಿ ಫೋನಿಗೆ ಒಗ್ಗಿಕೊಂಡವರು ಆ ಮೂರು ದಿನ ಕೈಕಾಲು ಕಟ್ಟಿದ ಹಾಗೆ ಆಗುತ್ತಾರೆ. ಆದ್ದರಿಂದ ನನ್ನ ನಿಯಮ: ಫೋನಿನಲ್ಲಿರುವ ಪ್ರತಿಯೊಂದು ನೆರವಿಗೂ ಕಾಗದದ ಒಂದು ಜೋಡಿ ಇರಲಿ.

ಕಿವಿಯಿಂದ ಶುರುಮಾಡೋಣ. ಸ್ಪಂಜಿನ ಇಯರ್ ಪ್ಲಗ್ ತೀರ ಅಗ್ಗ, ಚಾರ್ಜ್ ಬೇಡ. ಕಿವಿಯೊಳಗೆ ಏನನ್ನೂ ತುರುಕಿಕೊಳ್ಳಲು ಆಗದವರಿಗೆ ವರ್ಕ್‌ಶಾಪಿನವರು ಹಾಕಿಕೊಳ್ಳುವ ಕಿವಿಮುಚ್ಚುಗೆ ಇದೆ. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ದುಬಾರಿ, ಅದರ ಗುಣ ತಿಳಿದು ಕೊಳ್ಳಿ. ಬಸ್ಸಿನ ಎಂಜಿನ್, ಜನರೇಟರ್‌ಗಳಂಥ ಒಂದೇ ಸಮನೆ ಬರುವ ದಪ್ಪ ಶಬ್ದವನ್ನು ಅದು ಚೆನ್ನಾಗಿ ತಗ್ಗಿಸುತ್ತದೆ. ಥಟ್ಟನೆ ಬರುವ ಶಬ್ದ, ಮನುಷ್ಯರ ಮಾತು ಅಷ್ಟಾಗಿ ತಗ್ಗುವುದಿಲ್ಲ. ನಮ್ಮ ಸುಗ್ಗಿ ಹಬ್ಬ ಪುತ್ತರಿಯ ರಾತ್ರಿ ಹಾರಿಸುವ ಗುಂಡಿನ ಸದ್ದಿಗೆ ಅದು ಉಪಯೋಗವಿಲ್ಲ. ಆ ರಾತ್ರಿಗೆ ಪ್ಲಗ್ ಹಾಕಿ ಅದರ ಮೇಲೆ ಕಿವಿಮುಚ್ಚುಗೆ ಹಾಕುವುದು, ಗುಂಡು ಎಷ್ಟು ಹೊತ್ತಿಗೆ ಎಂದು ಮೊದಲೇ ಹೇಳಿಸಿಕೊಳ್ಳುವುದು, ಇವೆರಡೇ ನಮಗೆ ಕೈಹಿಡಿದದ್ದು. ಸೆಮಿಸ್ಟರ್ ಪರೀಕ್ಷೆ ಪುತ್ತರಿಯ ಆಸುಪಾಸಿಗೆ ಬಂದರೆ ಇದು ಚಿಕ್ಕ ವಿಷಯವಲ್ಲ.

ಓದುವುದಕ್ಕೆ. ಕೆಲವರಿಗೆ ಕಣ್ಣಿನಿಂದ ಓದುತ್ತಾ ಕಿವಿಯಿಂದಲೂ ಕೇಳಿದರೆ ಮಾತ್ರ ತಲೆಗೆ ಇಳಿಯುತ್ತದೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಎಂಬಲ್ಲಿ ಸೆಲೆಕ್ಟ್ ಟು ಸ್ಪೀಕ್ ಇದೆ. ಕನ್ನಡದ ಧ್ವನಿಯನ್ನು ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓದಿ ಹೇಳುತ್ತದೆ. ಕಂಪ್ಯೂಟರಿನಲ್ಲಾದರೆ ಮೈಕ್ರೋಸಾಫ್ಟ್ ಎಡ್ಜ್‌ನ ರೀಡ್ ಅಲೌಡ್. ಅದರ ಸಪ್ನಾ, ಗಗನ್ ಎಂಬ ಎರಡು ಕನ್ನಡ ಧ್ವನಿಗಳು ಕೇಳಲು ಹಿತವಾಗಿವೆ, ಆದರೆ ನೆಟ್ ಬೇಕು.

ಕನ್ನಡ ಮಾಧ್ಯಮದವರಿಗೆ ಇಲ್ಲೊಂದು ಕಂಟಕವಿದೆ. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ. ಮೇಷ್ಟ್ರುಗಳು ಕೊಡುವ ನೋಟ್ಸ್ ಎಷ್ಟೋ ಸಲ ನುಡಿ, ಬರಹ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಟೈಪಾಗಿರುತ್ತದೆ. ಕಣ್ಣಿಗೆ ಶುದ್ಧ ಕನ್ನಡ, ಫೋನಿಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಓದಲು ಹೇಳಿದರೆ ಏನೇನೋ ಗುಣುಗುಟ್ಟುತ್ತದೆ. ಫೋನ್ ಕೆಟ್ಟಿದೆ ಎಂದುಕೊಂಡು ನಾವು ಒಂದು ತಿಂಗಳು ಕಳೆದೆವು. ಆ ನೋಟ್ಸಿನ ಫೋಟೊ ತೆಗೆದು ಗೂಗಲ್ ಲೆನ್ಸ್‌ನಲ್ಲಿ ಹಾಕಿ ಅಕ್ಷರ ಪಡೆಯಿರಿ. ಹೆಚ್ಚು ಪುಟಗಳಿದ್ದರೆ ಗೂಗಲ್ ಡ್ರೈವ್‌ಗೆ ಏರಿಸಿ ಡಾಕ್ಸ್‌ನಲ್ಲಿ ತೆರೆಯಿರಿ, ಅಚ್ಚಾದ ಕನ್ನಡವನ್ನು ಅದು ಸಾಕಷ್ಟು ಚೆನ್ನಾಗಿ ಗುರುತಿಸುತ್ತದೆ. ಒತ್ತಕ್ಷರ ತಪ್ಪಿರುವ ಕಡೆ ತಿದ್ದಿಕೊಳ್ಳಬೇಕು. ಇನ್ನು ಮುಂದೆ ಯೂನಿಕೋಡ್‌ನಲ್ಲಿ (ಫೋನೂ ಕನ್ನಡವೆಂದೇ ಗುರುತಿಸುವ ಅಕ್ಷರ ವಿಧಾನ) ಕೊಡಿ ಎಂದು ಮೇಷ್ಟ್ರನ್ನು ಕೇಳಿಕೊಳ್ಳುವುದು ಇನ್ನೂ ಒಳ್ಳೆಯದು.

ಕೇಳುವುದಕ್ಕೆ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್. ಎದುರಿನವರು ಮಾತಾಡಿದ್ದು ಪರದೆಯ ಮೇಲೆ ಅಕ್ಷರವಾಗಿ ಬರುತ್ತದೆ, ಕನ್ನಡವೂ ಇದೆ. ಕನ್ನಡ, ಇಂಗ್ಲಿಷ್ ಎರಡನ್ನೂ ಇಟ್ಟುಕೊಂಡು ಬೇಕಾದಾಗ ಬದಲಾಯಿಸಬಹುದು. ಮುಂದಿನ ಬೆಂಚಿನಲ್ಲಿ ಕೂತರೆ ಮಾತ್ರ ಸರಿಯಾಗಿ ಹಿಡಿಯುತ್ತದೆ. ಮಳೆಯ ಸದ್ದಿನಲ್ಲಿ ಸೋಲುತ್ತದೆ. ಮೇಷ್ಟ್ರ ಅನುಮತಿ ಇಲ್ಲದೆ ಬಳಸಬೇಡಿ. ಆ ಬರಹವನ್ನು ಕೃತಕ ಬುದ್ಧಿಮತ್ತೆಗೆ ಕೊಟ್ಟು ಸಾರಾಂಶ ಮಾಡಿಸುವವರು, ಪಠ್ಯಪುಸ್ತಕದ ಜೊತೆ ತಾಳೆ ನೋಡದೆ ಪರೀಕ್ಷೆಗೆ ಓದಬೇಡಿ. ಇಲ್ಲದ ಸೂತ್ರವನ್ನು ಅದು ಇದ್ದ ಹಾಗೆಯೇ ಬರೆದುಕೊಡುವುದುಂಟು.

ಹೊತ್ತಿನ ಲೆಕ್ಕ ತಪ್ಪುವವರಿಗೆ ಅಡುಗೆಮನೆಯ ತಿರುಗಿಸುವ ಟೈಮರ್‌ಗಿಂತ ಒಳ್ಳೆಯ ವಸ್ತು ನಾನು ಕಂಡಿಲ್ಲ. ಉಳಿದಿರುವ ಹೊತ್ತು ಕಣ್ಣಿಗೆ ಕಾಣುತ್ತದೆ. "ಅಸೈನ್‌ಮೆಂಟ್ ಬರಿ" ಎಂಬ ದೊಡ್ಡ ಕೆಲಸವನ್ನು ಚೂರು ಚೂರು ಮಾಡಲು ಗಾಬ್ಲಿನ್ ಟೂಲ್ಸ್ ಎಂಬ ಉಚಿತ ಜಾಲತಾಣ ಇದೆ. ಅದಿಲ್ಲದಿದ್ದರೆ ಅಕ್ಕನೊಬ್ಬಳು ಪಕ್ಕದಲ್ಲಿ ಕೂತು ಏಳು ಸಾಲು ಬರೆದುಕೊಟ್ಟರೂ ಅಷ್ಟೇ ಕೆಲಸವಾಗುತ್ತದೆ.

ಮಾತು. ಚೆನ್ನಾಗಿ ಮಾತಾಡುವವರಿಗೂ ಒತ್ತಡ ಹೆಚ್ಚಾದಾಗ ಬಾಯಿ ಕಟ್ಟುತ್ತದೆ. ಚಿತ್ರ ಒತ್ತಿದರೆ ನಮ್ಮ ಬದಲು ಮಾತಾಡುವ ಪೂರ್ತಿ ಸಂವಹನ ಆ್ಯಪ್ ಬೇಕಾದವರಿಗೆ ಐಐಟಿ ಬಾಂಬೆ ರೂಪಿಸಿದ ಜೆಲ್ಲೋ ಉಚಿತವಾಗಿ ಸಿಗುತ್ತದೆ, ಚೆನ್ನೈನಲ್ಲಿ ಹುಟ್ಟಿದ ಆವಾಜ಼್ ಇನ್ನಷ್ಟು ವಿಸ್ತಾರವಾದದ್ದು. ಉಳಿದವರಿಗೆ ಕಾರ್ಡ್ ಸಾಕು. ತಮ್ಮನ ಜೇಬಿನಲ್ಲಿ ಲ್ಯಾಮಿನೇಟ್ ಮಾಡಿದ ಎರಡು ಕಾರ್ಡ್ ಇರುತ್ತವೆ. ಒಂದರಲ್ಲಿ, "ನನಗೆ ಈಗ ಮಾತಾಡಲು ಆಗುತ್ತಿಲ್ಲ. ಹತ್ತು ನಿಮಿಷ ಬಿಟ್ಟರೆ ಸರಿಹೋಗುತ್ತೇನೆ." ಇನ್ನೊಂದರಲ್ಲಿ ಮನೆಯ ಫೋನ್ ನಂಬರ್. ಒಮ್ಮೆ ರಸ್ತೆಗೆ ಮಣ್ಣು ಕುಸಿದು ಬಸ್ಸು ಬೇರೆ ದಾರಿ ಹಿಡಿದಾಗ ಅವನು ಆ ಕಾರ್ಡನ್ನು ಕಂಡಕ್ಟರ್‌ಗೆ ತೋರಿಸಿದ. ಅವರು ಮುಂದಿನ ಸೀಟಿನಲ್ಲಿ ಕೂರಿಸಿ, ಎಲ್ಲಿ ಇಳಿಯಬೇಕೆಂದು ಟಿಕೆಟ್ಟಿನ ಹಿಂದೆ ಬರೆದುಕೊಟ್ಟರಂತೆ.

ಮಳೆ ರಜೆಯ ಬಗ್ಗೆ. ಜಿಲ್ಲಾಧಿಕಾರಿಗಳ ರಜೆ ಘೋಷಣೆಗೆ ಕಾಯುವ ಬೆಳಗು ಆಟಿಸಂ ಇರುವವರಿಗೆ ಬಹಳ ಕಷ್ಟದ್ದು. ಇದೆಯೋ ಇಲ್ಲವೋ ಎಂಬ ಅನಿಶ್ಚಿತತೆಯೇ ಹಿಂಸೆ. ಜೂನ್ ಬರುವ ಮೊದಲೇ ಎರಡು ದಿನಚರಿ ಬರೆದು ಗೋಡೆಗೆ ಅಂಟಿಸಿ: ಕಾಲೇಜು ಇರುವ ದಿನದ್ದು, ರಜೆ ಕೊಟ್ಟ ದಿನದ್ದು. ಬೆಳಿಗ್ಗೆ 7 ಗಂಟೆಗೆ ಒಮ್ಮೆ ನೋಡಿ ಎರಡರಲ್ಲಿ ಒಂದನ್ನು ಆರಿಸುವುದು. ಫೋನ್ ಸತ್ತಿದ್ದರೆ ಏನು ಮಾಡಬೇಕು ಎಂಬುದೂ ಅದರಲ್ಲೇ ಇರಲಿ. ನಮ್ಮ ಹಾಳೆಯಲ್ಲಿ "ಪಕ್ಕದ ಮನೆ ಮಾವನನ್ನು ಕೇಳುವುದು" ಎಂದಿದೆ.

ಪರೀಕ್ಷೆ

ಕೇಂದ್ರ ಸರ್ಕಾರದ ಮಾರ್ಗಸೂಚಿಯ ಪ್ರಕಾರ ಹೆಚ್ಚುವರಿ ಸಮಯ ಗಂಟೆಗೆ ಕನಿಷ್ಠ 20 ನಿಮಿಷ. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಶೇ 40ಕ್ಕಿಂತ ಕಡಿಮೆ ಇರುವವರಿಗೆ ಏನೂ ಇಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ. 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೆಯಲು ಕಷ್ಟವಿರುವವರಿಗೆ ಪರೀಕ್ಷೆಯಲ್ಲಿ ಉತ್ತರ ಬರೆದುಕೊಡುವವರ ನೆರವು ಕೊಡಲು ಶೇ 40ರ ಗೆರೆ ಅಡ್ಡ ಬರಬಾರದು ಎಂದು ತೀರ್ಪು ಕೊಟ್ಟಿತು. ಅದರ ನಂತರ 2022ರಲ್ಲಿ ಅಂಥವರಿಗಾಗಿಯೇ ಬೇರೆ ಮಾರ್ಗಸೂಚಿ ಬಂತು. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಈಗಿನ ಸುತ್ತೋಲೆಯ ಪ್ರತಿಯನ್ನು ಕಾಲೇಜು ಆಫೀಸಿನಲ್ಲಿ ಪಡೆದು, ಪರೀಕ್ಷಾ ಅರ್ಜಿ ತುಂಬುವಾಗಲೇ ಮನವಿ ಸೇರಿಸಿ. ಹಾಲ್ ಟಿಕೆಟ್ ಬಂದ ಮೇಲೆ ಓಡಾಡುವುದು ತಡ.

ಸಮಯಕ್ಕಿಂತ ಜಾಗ ಮುಖ್ಯವಾಗುವುದೂ ಉಂಟು. ಹಿಂದಿನ ದಿನ ಹೋಗಿ ಕೊಠಡಿ, ಬೆಂಚು, ಶೌಚಾಲಯ ನೋಡಿ ಬನ್ನಿ. ಇಯರ್ ಪ್ಲಗ್‌ಗೆ ಮೇಲ್ವಿಚಾರಕರ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ.

ಉದ್ಯೋಗದ ತಯಾರಿ ಎರಡನೇ ವರ್ಷದಲ್ಲೇ

ಕೊನೆಯ ಸೆಮಿಸ್ಟರ್ ಮುಗಿದ ಮೇಲೆ ನೋಡೋಣ ಎಂದು ನಾವು ಬಿಟ್ಟೆವು. ಅದು ನಮ್ಮ ತಪ್ಪು. ಕಾಲೇಜು ಎಂಬ ಗೊತ್ತಿರುವ ದಿನಚರಿ ಒಂದೇ ದಿನ ಕಡಿದುಹೋಗಿ, ತಮ್ಮ ಎಂಟು ತಿಂಗಳು ಮನೆಯಲ್ಲಿ ಕೂತ. ಎಲ್ಲ ಹುಡುಗರಿಗೂ ಈ ಬಿಡುವು ಬರುತ್ತದೆ, ಆದರೆ ಇಂಥವರಿಗೆ ಅದರೊಳಗಿಂದ ಹೊರಬರುವುದು ಕಷ್ಟ. ಎರಡನೇ ವರ್ಷದ ರಜೆಯಲ್ಲೇ ಚಿಕ್ಕ ಚಿಕ್ಕ ಕೆಲಸ ಮಾಡಿ ನೋಡಿ. ಹದಿನೈದು ದಿನ ಸಾಕು.

ಎಲ್ಲಿ? ಕೊಡಗಿನಲ್ಲಿ ಕೆಲಸ ಅಂದರೆ ಹೋಂಸ್ಟೇ, ರೆಸಾರ್ಟ್ ಎಂದು ಎಲ್ಲರ ಬಾಯಲ್ಲೂ ಬರುತ್ತದೆ. ಅಪರಿಚಿತರ ಜೊತೆ ದಿನವಿಡೀ ನಗುತ್ತಾ ಮಾತಾಡಬೇಕಾದ ಕೆಲಸ ಬಹಳ ಜನರಿಗೆ ಹೊಂದುವುದಿಲ್ಲ. ಅದೇ ಹೋಂಸ್ಟೇಯ ಬುಕಿಂಗ್, ಲೆಕ್ಕ, ಸಾಮಾನಿನ ಪಟ್ಟಿ ಹೊಂದಬಹುದು. ತೋಟದ ಆಫೀಸಿನಲ್ಲಿ ಹಾಜರಿ, ಬಟವಾಡೆ, ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದ ಕೆಲಸ. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಕ್ಯೂರಿಂಗ್ ಘಟಕಗಳಲ್ಲಿ ದಾಸ್ತಾನು, ಗುಣಮಟ್ಟದ ದಾಖಲೆ. ಬೀಜದ ಗಾತ್ರ, ಬಣ್ಣ, ಕೊರತೆ ನೋಡಿ ದರ್ಜೆ ಮಾಡುವ ಕೆಲಸಕ್ಕೆ ಒಂದೇ ವಿಷಯದ ಮೇಲೆ ಗಂಟೆಗಟ್ಟಲೆ ಗಮನವಿಡುವವರು ಬೇಕು. ಆದರೆ ಯಂತ್ರದ ಸದ್ದು ಜೋರು, ಅದನ್ನು ಮೊದಲು ಹೋಗಿ ಕೇಳಿಸಿಕೊಂಡು ಬನ್ನಿ. ಗಿಡಮರದ ಆಸಕ್ತಿ ಇರುವವರು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಗಳನ್ನು ಒಂದು ದಿನ ನೋಡಿ ಬರಲು ಕಾಲೇಜಿನ ಮೂಲಕ ಅನುಮತಿ ಕೇಳಬಹುದು. ನರ್ಸರಿ, ಪ್ರಯೋಗಾಲಯ, ನಕ್ಷೆ ತಯಾರಿ, ಎಷ್ಟೊಂದು ಬಗೆಯ ಕೆಲಸಗಳಿವೆ ಎಂದು ಗೊತ್ತಾಗುತ್ತದೆ. ಲೈಬ್ರರಿ ಕೆಲಸವನ್ನು ನಾನು ಬಿಡದೆ ಹೇಳುತ್ತೇನೆ. ನಮ್ಮಲ್ಲಿ ಕ್ಯಾಟಲಾಗ್ ಸರಿಪಡಿಸಿದ ಒಬ್ಬ ಹುಡುಗಿ ಮೂರು ವಾರದಲ್ಲಿ ನಾನು ಹತ್ತು ವರ್ಷ ಕಾಣದ ತಪ್ಪುಗಳನ್ನು ಹುಡುಕಿಕೊಟ್ಟಳು.

ಹಾಗೆಂದು ಆಟಿಸಂ ಇದ್ದವರೆಲ್ಲ ಲೆಕ್ಕದಲ್ಲಿ, ಕಂಪ್ಯೂಟರಿನಲ್ಲಿ ಜಾಣರು ಎಂಬ ನಂಬಿಕೆ ಬೇಡ. ಆ ನಂಬಿಕೆಯ ಭಾರದಲ್ಲಿ ಬಳಲಿದ ಮಕ್ಕಳನ್ನು ನೋಡಿದ್ದೇನೆ. ನೀವು ಆರಿಸಬೇಕಾದದ್ದು ಕೆಲಸದ ಹೆಸರನ್ನಲ್ಲ, ಕೆಲಸದ ದಿನವನ್ನು: ಎಷ್ಟು ಶಬ್ದ, ಎಷ್ಟು ಜನ, ಎಷ್ಟು ಫೋನ್ ಕರೆ, ದಿನ ಮೊದಲೇ ಗೊತ್ತಿರುತ್ತದೋ ಇಲ್ಲವೋ, ಮನೆಯಿಂದ ಎಷ್ಟು ಬಸ್ಸು. ರೈಲೇ ಇಲ್ಲದ ಜಿಲ್ಲೆ ನಮ್ಮದು, ಕೊನೆಯ ಪ್ರಶ್ನೆ ಸಣ್ಣದಲ್ಲ.

ಊರು ಬಿಟ್ಟು ಹೋಗಲು ಸಿದ್ಧರಿರುವವರಿಗೆ ಬೆಂಗಳೂರಿನಲ್ಲಿ 1999ರಿಂದ ಇರುವ ಎನೇಬಲ್ ಇಂಡಿಯಾ ವಿಕಲಚೇತನರಿಗೆ ತರಬೇತಿ ಕೊಟ್ಟು ಕೆಲಸ ಹುಡುಕಲು ನೆರವಾಗುತ್ತದೆ. ಕೇಂದ್ರ ಸರ್ಕಾರದ ವಿಕಲಚೇತನರ ರಾಷ್ಟ್ರೀಯ ವೃತ್ತಿ ಸೇವಾ ಕೇಂದ್ರವೂ ಅಲ್ಲಿದೆ. ಖಾಸಗಿ ಕಂಪನಿಗಳಲ್ಲಿ ಜರ್ಮನಿಯ ಸಾಫ್ಟ್‌ವೇರ್ ಕಂಪನಿ ಎಸ್‌ಎಪಿ 2013ರಲ್ಲಿ ಆಟಿಸಂ ಇರುವವರನ್ನು ನೇಮಿಸಿಕೊಳ್ಳುವ ವಿಶೇಷ ಕಾರ್ಯಕ್ರಮ ಆರಂಭಿಸಿತು. ಅದು ಮೊದಲು ಕಾಲಿಟ್ಟ ಊರುಗಳಲ್ಲಿ ಬೆಂಗಳೂರೂ ಇತ್ತು.

ಸರ್ಕಾರಿ ಕೆಲಸಕ್ಕೆ ಓದುವವರು ಇದನ್ನು ತಿಳಿದಿರಬೇಕು. ಕಾಯ್ದೆಯ 34ನೇ ಕಲಮಿನ ಶೇ 4 ಮೀಸಲಾತಿಯಲ್ಲಿ ಶೇ 1 ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ವೈಕಲ್ಯ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ವೈಕಲ್ಯ ಇರುವವರಿಗೆ ಸೇರಿದ್ದು. ಯಾವ ಹುದ್ದೆಗೆ ಯಾವ ವೈಕಲ್ಯದವರು ಅರ್ಹರು ಎಂಬ ಕೇಂದ್ರದ ಪಟ್ಟಿ 2021ರ ಜನವರಿಯಲ್ಲಿ ಪ್ರಕಟವಾಗಿದೆ. ಅಧಿಸೂಚನೆ ಬಂದಾಗ ಮೊದಲು ಅದರಲ್ಲಿ ಆಟಿಸಂ ಇದೆಯೇ ನೋಡಿ, ಆಮೇಲೆ ಶುಲ್ಕ ಕಟ್ಟಿ.

ಸಂದರ್ಶನ ಮತ್ತು ಹೇಳುವ ಪ್ರಶ್ನೆ

"ನಿಮ್ಮ ಬಗ್ಗೆ ಹೇಳಿ" ಎಂದು ಕೇಳಿದಾಗ ನನ್ನ ತಮ್ಮ, ಹುಟ್ಟಿದ ದಿನಾಂಕ, ಬ್ಲಡ್ ಗ್ರೂಪಿನಿಂದ ಶುರುಮಾಡಿ ಹನ್ನೊಂದು ನಿಮಿಷ ಹೇಳಿದ. ಪ್ರಶ್ನೆಗೆ ಅದು ಸರಿಯಾದ ಉತ್ತರವೇ. ಕೇಳಿದವರ ಮನಸ್ಸಿನಲ್ಲಿದ್ದ ಪ್ರಶ್ನೆ ಬೇರೆ: ಈ ಕೆಲಸಕ್ಕೆ ನೀನು ಏಕೆ ಹೊಂದುತ್ತೀಯ? ಸಂದರ್ಶನದ ಪ್ರಶ್ನೆಗಳಲ್ಲಿ ಹೆಚ್ಚಿನವು ಹೀಗೆಯೇ. ಒಂದು ಹಾಳೆಯ ಎಡಗಡೆ ಅವರು ಕೇಳುವ ಮಾತು, ಬಲಗಡೆ ಅದರ ನಿಜವಾದ ಅರ್ಥ, ಕೆಳಗೆ ನಾಲ್ಕು ಸಾಲಿನ ಉತ್ತರ ಬರೆದು ಅಭ್ಯಾಸ ಮಾಡಿ. "ನಿಮ್ಮ ದೌರ್ಬಲ್ಯ ಏನು?" ಅಂದರೆ ಎಲ್ಲವನ್ನೂ ಹೇಳು ಎಂದಲ್ಲ, ಒಂದನ್ನು ಹೇಳಿ ಅದನ್ನು ಹೇಗೆ ನಿಭಾಯಿಸುತ್ತೀಯ ಹೇಳು ಎಂದು.

ಇನ್ನೂ ಒಳ್ಳೆಯ ದಾರಿ, ಮಾತಿನ ಬದಲು ಕೆಲಸ ತೋರಿಸಲು ಅವಕಾಶ ಕೇಳುವುದು. ಪರಿಚಯದ ತೋಟದ ಮಾಲೀಕರಿಗೆ ತಮ್ಮ ಬರೆದ ಪತ್ರ ಇಷ್ಟೇ ಇತ್ತು: "ಸರ್, ಮಾತಿಗಿಂತ ಕೆಲಸದಲ್ಲಿ ನನ್ನನ್ನು ನೋಡುವುದು ಸುಲಭ. ಒಂದು ವಾರ ಸಂಬಳವಿಲ್ಲದೆ ನಿಮ್ಮ ಲೆಕ್ಕದ ಪುಸ್ತಕ ತಾಳೆ ಹಾಕಿಕೊಡುತ್ತೇನೆ. ಇಷ್ಟವಾದರೆ ಮಾತಾಡೋಣ." ಕಾಫಿ ಕುಯ್ಲಿನ ಕಾಲ ಅದು. ಕಣದ ಪುಸ್ತಕಕ್ಕೂ ಬಟವಾಡೆಗೂ ತಾಳೆಯಾಗದ ಮೂಟೆಗಳನ್ನು ಅವನು ನಾಲ್ಕೇ ದಿನದಲ್ಲಿ ಹುಡುಕಿದ. ಒಂದು ವಾರಕ್ಕಿಂತ ಹೆಚ್ಚು ಪುಕ್ಕಟೆ ದುಡಿಯಬೇಡಿ ಎಂಬುದು ಇದರ ಜೊತೆಗೇ ಹೇಳಬೇಕಾದ ಮಾತು.

ಆಟಿಸಂ ಇದೆ ಎಂದು ಯಾವಾಗ ಹೇಳುವುದು? ಮೀಸಲು ಹುದ್ದೆಯಾದರೆ ಅರ್ಜಿಯಲ್ಲೇ ಗೊತ್ತಾಗಿರುತ್ತದೆ. ಉಳಿದ ಕಡೆ ನನ್ನ ಅಭಿಪ್ರಾಯ, ಆಯ್ಕೆಯಾದ ಮೇಲೆ, ಸೇರುವ ಮೊದಲು. ಸಂದರ್ಶನದಲ್ಲೇ ಏನಾದರೂ ಬೇಕಾದರೆ ಹೆಸರು ಹೇಳದೆ ಅಗತ್ಯವನ್ನಷ್ಟೇ ಕೇಳಬಹುದು: "ಪ್ರಶ್ನೆಗಳನ್ನು ಮೊದಲೇ ಬರೆದು ಕಳಿಸಿದರೆ ಚೆನ್ನಾಗಿ ಉತ್ತರಿಸಬಲ್ಲೆ." ಹೇಳಬೇಕೋ ಬೇಡವೋ ಎಂಬ ತೀರ್ಮಾನ ನಿಮ್ಮದು. ನಿಮ್ಮನ್ನು ಕೇಳದೆ ಅಪ್ಪ ಅಮ್ಮ ಮಾಲೀಕರಿಗೆ ಫೋನ್ ಮಾಡಿ ಹೇಳುವುದು ಸರಿಯಲ್ಲ.

ಮೊದಲ ಮೂರು ತಿಂಗಳು

ತೋಟದ ಕೆಲಸಕ್ಕೂ ಮೊದಲು ಅವನು ಮೈಸೂರಿನ ಒಂದು ಸಂಸ್ಥೆಯಲ್ಲಿ ನಾಲ್ಕು ತಿಂಗಳು ಇದ್ದ. ಎರಡು ವಾರ ಮಧ್ಯಾಹ್ನ ಊಟ ಮಾಡಿರಲಿಲ್ಲ. ಊಟಕ್ಕೆ ಎಷ್ಟು ಹೊತ್ತಿಗೆ ಏಳಬೇಕೆಂದು ಯಾರೂ ಹೇಳಿರಲಿಲ್ಲ, ಅವನು ಕೇಳಿರಲಿಲ್ಲ. ಕೆಲಸದಲ್ಲಿ ತಪ್ಪಿರಲಿಲ್ಲ, "ಹೊಂದಿಕೊಳ್ಳುವುದಿಲ್ಲ" ಎಂದು ಕಳಿಸಿದರು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆದ್ದರಿಂದ ಮೊದಲ ದಿನವೇ ಇವನ್ನು ಬರೆದು ಪಡೆಯಿರಿ: ಬರುವ, ಹೋಗುವ, ಊಟದ, ಚಹಾದ ಹೊತ್ತು. ಯಾವ ಕೆಲಸ ಯಾರಿಂದ ಬರುತ್ತದೆ. ಇಬ್ಬರು ಬೇರೆ ಬೇರೆ ಹೇಳಿದರೆ ಯಾರ ಮಾತು. "ಬೇಗ" ಅಂದರೆ ಇವತ್ತೋ ನಾಳೆಯೋ. ಸಂದೇಹ ಬಂದರೆ ಕೇಳಬೇಕಾದ ಒಬ್ಬರ ಹೆಸರು. ರಜೆ ಬೇಕಾದರೆ ಯಾರಿಗೆ, ಎಷ್ಟು ದಿನ ಮೊದಲು ತಿಳಿಸಬೇಕು. ಸಂಜೆ ಬಾಯಲ್ಲಿ ಕೊಟ್ಟ ಕೆಲಸಗಳನ್ನು ನೀವೇ ಒಂದು ಸಂದೇಶದಲ್ಲಿ ಬರೆದು ಕಳಿಸಿ: "ಸರ್, ನಾಳೆಗೆ ನಾನು ಅರ್ಥ ಮಾಡಿಕೊಂಡದ್ದು ಇದು. ಸರಿಯೇ?" ಈ ಒಂದು ಸಂದೇಶದ ಬೆಲೆ ಎಷ್ಟೆಂದು ಹೇಳಲಾರೆ. ತಮ್ಮ ಮೂರು ವರ್ಷದಿಂದ ಪ್ರತಿ ಸಂಜೆ ಕಳಿಸುತ್ತಿದ್ದಾನೆ, ಈಗ ಆಳುಗಳ ಹೊಣೆ ನೋಡುವ ತೋಟದ ರೈಟರ್ ಕೂಡ ಅದನ್ನೇ ನೋಡಿ ಮರುದಿನದ ಆಳು ಹಂಚುತ್ತಾರೆ.

ತಿಂಗಳಿಗೊಮ್ಮೆ ಮಾಲೀಕರ ಜೊತೆ ಹದಿನೈದು ನಿಮಿಷ ಗೊತ್ತು ಮಾಡಿಕೊಳ್ಳಿ. ಯಾವುದು ಚೆನ್ನಾಗಿ ನಡೆಯುತ್ತಿದೆ, ಯಾವುದನ್ನು ಬದಲಾಯಿಸಬೇಕು, ಎರಡೇ ಪ್ರಶ್ನೆ. ಎರಡು ವಾರದ ಹಾಳೆಯನ್ನು ಹೊಸ ಜಾಗದಲ್ಲಿ ಮತ್ತೆ ಬರೆಯಿರಿ, ಏಕೆಂದರೆ ಕಾಲೇಜಿನಲ್ಲಿ ತೊಂದರೆ ಕೊಟ್ಟದ್ದು ಇಲ್ಲಿ ಇರದೆ ಬೇರೆಯೇ ಏನೋ ಇರಬಹುದು. ತೋಟದ ಆಫೀಸಿನಲ್ಲಿ ತಮ್ಮನಿಗೆ ಕಾಟ ಕೊಟ್ಟದ್ದು ಶಬ್ದವಲ್ಲ, ಕಾಫಿ ಹಣ್ಣಿನಿಂದ ಬಿಡಿಸಿದ ಸಿಪ್ಪೆಯ ಹುಳಿ ವಾಸನೆ. ಮೇಜನ್ನು ಇನ್ನೊಂದು ಕಿಟಕಿಯ ಹತ್ತಿರ ಸರಿಸಿಕೊಟ್ಟರು.

ಮೂರು ತಿಂಗಳಲ್ಲಿ ಕೆಲಸ ಹೊಂದಲಿಲ್ಲ ಎಂದಾದರೆ ಥಟ್ಟನೆ ಬಿಟ್ಟು ಬರಬೇಡಿ. ಮಾಡಿದ ಕೆಲಸದ ವಿವರ ಇರುವ ಅನುಭವ ಪತ್ರ ಬರೆಸಿಕೊಳ್ಳಿ, ಬಾಕಿ ಸಂಬಳ ಯಾವ ದಿನ ಬರುತ್ತದೆ ಎಂದು ಕೇಳಿ ಬರೆದುಕೊಳ್ಳಿ, ಬಿಡುವ ದಿನಾಂಕಕ್ಕೆ ಮುಂಚೆಯೇ ಮರುದಿನ ಬೆಳಿಗ್ಗೆ ಏಳು ಗಂಟೆಯಿಂದ ಏನು ಮಾಡುತ್ತೀರಿ ಎಂಬ ದಿನಚರಿಯನ್ನು ಗೋಡೆಗೆ ಅಂಟಿಸಿಡಿ.